ಕಲ್ಲುದಾರಿಯ ಟ್ರಕ್ಕಿಗೆ ಪವರ್ ಸ್ಟೀರಿಂಗ್: ಸಿಲಿಂಡರ್ ಚಿಕ್ಕದಾದದ್ದು ಹೇಗೆ

ಟ್ರಕ್ ಹಳೆಯ ಮಾದರಿಯದು. ಹಿಂದೆ ಮುಂದೆ ಎರಡೂ ಕಡೆ ಇಡಿಯಾದ ಆಕ್ಸಲ್, ನಾಲ್ಕು ಮೂಲೆಗೂ ಪಟ್ಟಿ ಸ್ಪ್ರಿಂಗ್, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಸೆಳೆತ, ಮತ್ತು ಕಾರ್ಖಾನೆಯಿಂದಲೇ ಬಂದ ಕೈಬಲದ ಸ್ಟೀರಿಂಗ್ ಬಾಕ್ಸ್. ಸಣ್ಣ ಟೈರುಗಳಿದ್ದಷ್ಟು ಕಾಲ ಸ್ಟೀರಿಂಗ್ ಬಗ್ಗೆ ಯಾರೂ ದೂರಿರಲಿಲ್ಲ. ಮಾಲೀಕರು ಸ್ಪ್ರಿಂಗ್ ಎತ್ತರಿಸಿ, 35 ಇಂಚಿನ ಟೈರ್ ಹಾಕಿ, ಮುಂದಿನ ಡಿಫರೆನ್ಷಿಯಲ್‌ಗೆ ಲಾಕರ್ (ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುವಂತೆ ಬಿಗಿಯುವ ಸಾಧನ) ಕೂಡಿಸಿದ ಮೇಲೆ ಕಷ್ಟ ಶುರುವಾಯಿತು. ನಿಂತಲ್ಲಿ ಚಕ್ರ ತಿರುಗಿಸಲು ಸೀಟಿನಿಂದ ಅರ್ಧ ಎದ್ದು ಎಳೆಯಬೇಕಾಗಿತ್ತು. ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗ್ ವೀಲ್ ಕೈಯಿಂದ ಕಿತ್ತುಕೊಂಡು ಸುತ್ತುತ್ತಿತ್ತು. ಹೆಬ್ಬೆರಳನ್ನು ವೀಲಿನ ಒಳಗೆ ಸಿಕ್ಕಿಸಿ ಹಿಡಿಯುವವರಿಗೆ ಅದು ಮೂಳೆ ಮುರಿಯುವ ಪೆಟ್ಟು.

ಮಾಲೀಕರು ಬಂದದ್ದೇ ಪರಿಹಾರವನ್ನು ಮನಸ್ಸಿನಲ್ಲಿಟ್ಟುಕೊಂಡು. 50 ಮಿ.ಮೀ. ಒಳವ್ಯಾಸದ ಹೈಡ್ರಾಲಿಕ್ ಸಿಲಿಂಡರನ್ನು ಟೈ ರಾಡಿಗೆ, ಅಂದರೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ಸರಳಿಗೆ, ಕಟ್ಟಬೇಕು, ಸಾಧ್ಯವಾದರೆ ಇನ್ನೂ ದೊಡ್ಡದು. ಜೊತೆಗೆ ಒಂದು ಷರತ್ತು: ಟ್ರಕ್ಕನ್ನು ಟ್ರೇಲರ್ ಮೇಲೆ ಹೇರಿ ಒಯ್ಯುವುದಿಲ್ಲ, ಕಲ್ಲುದಾರಿಯವರೆಗೂ ಸಾರ್ವಜನಿಕ ರಸ್ತೆಯಲ್ಲಿ ಓಡಿಸಿಕೊಂಡೇ ಹೋಗಬೇಕು. ಕೊನೆಯ ಆಯ್ಕೆಯನ್ನು ಅರ್ಧ ತೀರ್ಮಾನಿಸಿದ್ದು ಈ ಷರತ್ತು. ಉಳಿದರ್ಧವನ್ನು ತೀರ್ಮಾನಿಸಿದ್ದು ಎಂಜಿನ್ ಪಕ್ಕದಲ್ಲಿ ಕೂರುವ ಪಂಪ್. ಸಿಲಿಂಡರಿನ ಗಾತ್ರದ ಮಾತು ಬಂದದ್ದು ಎಲ್ಲಕ್ಕಿಂತ ಕಡೆಗೆ.

ಎಷ್ಟು ಭಾರ?

"ಸ್ಟೀರಿಂಗ್ ಭಾರ" ಎಂಬ ದೂರನ್ನು ಮೊದಲು ಅಂಕಿಗೆ ಇಳಿಸಬೇಕು. ಮುಂದಿನ ಆಕ್ಸಲ್ ಮೇಲಿನ ತೂಕ 1,100 ಕಿಲೋ. ನಿಂತ ವಾಹನದ ಚಕ್ರ ತಿರುಗಿಸಲು ಬೇಕಾಗುವ ತಿರುಚುಬಲಕ್ಕೆ ವಾಹನ ವಿನ್ಯಾಸಗಾರರು ಬಳಸುವ ಅಂದಾಜಿನ ಸೂತ್ರವೊಂದಿದೆ. ಮುಂದಿನ ಆಕ್ಸಲ್ ಭಾರದ ಘನವನ್ನು ಟೈರಿನ ಗಾಳಿಯ ಒತ್ತಡದಿಂದ ಭಾಗಿಸಿ, ವರ್ಗಮೂಲ ತೆಗೆದು, ಘರ್ಷಣಾಂಕದ ಮೂರನೇ ಒಂದು ಭಾಗದಿಂದ ಗುಣಿಸುವುದು. ಘರ್ಷಣಾಂಕವನ್ನು 0.7 ಎಂದು ಹಿಡಿದರೆ, ರಸ್ತೆಯ 2.2 ಬಾರ್ ಒತ್ತಡದಲ್ಲಿ ಸುಮಾರು 560 ನ್ಯೂಟನ್ ಮೀಟರ್ ಬರುತ್ತದೆ. ಕಲ್ಲುದಾರಿಗೆಂದು ಗಾಳಿ ಇಳಿಸಿ 1 ಬಾರ್ ಮಾಡಿದರೆ ಅದೇ ಟ್ರಕ್ಕಿಗೆ 830. ಗಾಳಿ ಇಳಿಸಿದ್ದರಿಂದಲೇ ಹೊರೆ ಒಂದೂವರೆ ಪಟ್ಟಾಯಿತು. ಲಾಕರ್ ಹಾಕಿದಾಗ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತಲೇಬೇಕಾಗಿ ನೇರ ಹೋಗಲು ಹಟ ಹಿಡಿಯುತ್ತವೆ. ಆ ಹೊರೆ ಈ ಸೂತ್ರದಲ್ಲಿ ಸೇರಿಲ್ಲ.

ಆಕ್ಸಲ್ ತುದಿಯಲ್ಲಿ ಚಕ್ರವನ್ನು ಹಿಡಿದು ಅದರೊಡನೆ ತಿರುಗುವ ಭಾಗಕ್ಕೆ ನಕಲ್ ಎನ್ನುತ್ತಾರೆ. ನಕಲ್ ಮೇಲಿನ ತೋಳಿನ ಉದ್ದ 160 ಮಿ.ಮೀ. ಆದ್ದರಿಂದ 830 ನ್ಯೂಟನ್ ಮೀಟರ್ ಎಂದರೆ ಬಾಕ್ಸಿನ ಬಲವನ್ನು ಚಕ್ರಕ್ಕೆ ಒಯ್ಯುವ ಸರಳಾದ ಡ್ರ್ಯಾಗ್ ಲಿಂಕ್‌ನಲ್ಲಿ 5.2 ಕಿಲೋನ್ಯೂಟನ್ ಎಳೆತ, ಅಂದರೆ ಸುಮಾರು 530 ಕಿಲೋ ತೂಕದಷ್ಟು. ಪಿಟ್‌ಮನ್ ತೋಳು (ಬಾಕ್ಸಿನಿಂದ ಹೊರಬಂದು ಡ್ರ್ಯಾಗ್ ಲಿಂಕನ್ನು ಸರಿಸುವ ತೋಳು) 170 ಮಿ.ಮೀ., ಹಳೆಯ ಬಾಕ್ಸಿನ ಅನುಪಾತ 20ಕ್ಕೆ 1, ಹಲ್ಲುಗಳ ಘರ್ಷಣೆಯಲ್ಲಿ ಮೂರನೇ ಒಂದು ಭಾಗ ನಷ್ಟ. ಎಲ್ಲ ಕಳೆದು ಕೂಡಿಸಿದರೆ ಸ್ಟೀರಿಂಗ್ ವೀಲಿನ ಅಂಚಿನಲ್ಲಿ 34 ಕಿಲೋ ಎಳೆತ ಬೇಕು. ಕೊಕ್ಕೆಯ ಸ್ಪ್ರಿಂಗ್ ತ್ರಾಸನ್ನು ವೀಲಿಗೆ ಸಿಕ್ಕಿಸಿ ಎಳೆದಾಗ ಮುಳ್ಳು 36ರ ಹತ್ತಿರ ನಿಂತಿತು. ಲೆಕ್ಕವೂ ತ್ರಾಸೂ ಇಷ್ಟು ಹತ್ತಿರ ಬಂದರೆ ಮುಂದಿನ ಲೆಕ್ಕಗಳನ್ನು ನಂಬಬಹುದು.

ಇದು ಚಪ್ಪಟೆ ನೆಲದ ಮಾತು. ಎರಡು ಬಂಡೆಗಳ ನಡುವೆ ಸಿಕ್ಕ ಚಕ್ರ ಕೇಳುವುದು ಎಷ್ಟೆಂದು ಯಾವ ಸೂತ್ರವೂ ಹೇಳುವುದಿಲ್ಲ. ನಾವು ಎರಡು ಪಟ್ಟು ಹಿಡಿದೆವು: 10 ಕಿಲೋನ್ಯೂಟನ್. ಇದಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲಿ ಟ್ರಕ್ಕನ್ನು ಒಂದಡಿ ಹಿಂದಕ್ಕೆ ತೆಗೆದುಕೊಳ್ಳುವುದು ಚಾಲಕನ ಕೆಲಸ, ಪಂಪಿನದಲ್ಲ.

ಬಿಟ್ಟ ದಾರಿಗಳು

ವಿದ್ಯುತ್ ಮೋಟರಿನ ಸ್ಟೀರಿಂಗ್ ಕಾಲಂ ಹಾಕಬಹುದೆಂಬ ಸಲಹೆ ಇತ್ತು. ಸಣ್ಣ ಕಾರುಗಳಿಂದ ಬಿಚ್ಚಿದ ಇಂಥ ಕಾಲಂಗಳು ಸುಲಭವಾಗಿ ಸಿಗುತ್ತವೆ, ಪೈಪು ಬೇಡ, ಆಯಿಲ್ ಬೇಡ. ಆದರೆ ಮೋಟರ್ ಕೂರುವುದು ಬಾಕ್ಸಿನ ಮೇಲ್ಭಾಗದಲ್ಲಿ. ಅದು ಕೊಡುವ ಬಲವೆಲ್ಲ ಕೈಬಲಕ್ಕೆಂದು ಮಾಡಿದ ಅದೇ ಹಳೆಯ ಬಾಕ್ಸಿನ ಹಲ್ಲುಗಳ ಮೂಲಕವೇ ಹಾಯಬೇಕು. ಚಾಲಕನ ಭುಜ ಉಳಿಯುತ್ತದೆ, ಬಾಕ್ಸ್ ಉಳಿಯುವುದಿಲ್ಲ. ತೆಳು ಟೈರಿನ ಹಗುರ ಜೀಪಿಗಾದರೆ ನಾನೇ ಇದನ್ನು ಸೂಚಿಸುತ್ತಿದ್ದೆ.

ವಿದ್ಯುತ್ ಮೋಟರಿನಿಂದ ಓಡುವ ಹೈಡ್ರಾಲಿಕ್ ಪಂಪ್ ಇನ್ನೊಂದು ದಾರಿ. ಟೊಯೋಟಾ ಎಂಆರ್2ರಂಥ ಕಾರುಗಳಲ್ಲಿ ಇಂಥದ್ದಿತ್ತು. ಬೆಲ್ಟ್ ಪುಲ್ಲಿಗೆ ಜಾಗವಿಲ್ಲದ ಎಂಜಿನ್ನಿಗೆ ಒಳ್ಳೆಯದು. ಬಾರ್ ಲೆಕ್ಕದ ಒತ್ತಡವನ್ನು ನಿಮಿಷಕ್ಕೆ ಹರಿಯುವ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 100 ಬಾರ್, ಆರೂವರೆ ಲೀಟರ್ ಎಂದರೆ 1.08 ಕಿಲೋವ್ಯಾಟ್. ಮೋಟರ್ ಮತ್ತು ಪಂಪಿನ ನಷ್ಟ ಸೇರಿಸಿದರೆ 12 ವೋಲ್ಟ್ ಬ್ಯಾಟರಿಯಿಂದ ನೂರು ಆಂಪಿಯರಿಗೂ ಮೇಲೆ. ಎಂಜಿನ್ ಐಡಲ್‌ನಲ್ಲಿರುವಾಗ, ವಿಂಚನ್ನೂ ಎಳೆಸುವ ಟ್ರಕ್ಕಿನಲ್ಲಿ, ಹಳೆಯ ಆಲ್ಟರ್ನೇಟರಿನ ಮೇಲೆ ಇದನ್ನು ಹೇರುವುದು ಬೇಡವೆಂದು ಅಲ್ಲಿಗೇ ಕೈಬಿಟ್ಟೆವು.

ಮೂರನೆಯದು ಪೂರ್ಣ ಹೈಡ್ರಾಲಿಕ್. ಬಾಕ್ಸ್, ಡ್ರ್ಯಾಗ್ ಲಿಂಕ್ ಎಲ್ಲ ಕಿತ್ತು, ಸ್ಟೀರಿಂಗ್ ವೀಲಿನ ಕೆಳಗೆ ಆರ್ಬಿಟಲ್ ವಾಲ್ವ್ (ವೀಲ್ ತಿರುಗಿದಷ್ಟು ಆಯಿಲ್ ಅಳೆದು ಕಳಿಸುವ ವಾಲ್ವ್), ಆಕ್ಸಲ್ ಮೇಲೆ ಎರಡೂ ಬದಿಗೆ ರಾಡ್ ಇರುವ ಸಿಲಿಂಡರ್. ಟ್ರ್ಯಾಕ್ಟರ್, ಫೋರ್ಕ್‌ಲಿಫ್ಟ್‌ಗಳಲ್ಲಿ ನಡೆಯುವುದು ಇದೇ. ಬಂಡೆ ಹತ್ತುವುದಕ್ಕೆಂದೇ ಕಟ್ಟಿದ ವಾಹನಗಳಲ್ಲಿ ಇದಕ್ಕೆ ಸಾಟಿಯಿಲ್ಲ: ಸ್ಪ್ರಿಂಗ್ ಎಷ್ಟು ಕುಣಿದರೂ ಸ್ಟೀರಿಂಗ್ ಅಲುಗುವುದಿಲ್ಲ, ಕಲ್ಲಿನ ಪೆಟ್ಟು ಕೈಗೆ ಬರುವುದಿಲ್ಲ. ಆದರೆ ವೀಲಿಗೂ ಚಕ್ರಕ್ಕೂ ನಡುವೆ ಲೋಹದ ಕೊಂಡಿಯೇ ಇರುವುದಿಲ್ಲ. ತಿರುವು ಮುಗಿದ ಮೇಲೆ ವೀಲ್ ತಾನಾಗಿ ನೇರಕ್ಕೆ ಮರಳುವ ಗುಣವೂ ಸಾಮಾನ್ಯವಾಗಿ ಕಳೆದುಹೋಗುತ್ತದೆ. ಹೋಸ್ ಒಡೆದರೆ ಉಳಿಯುವುದು ಬ್ರೇಕ್ ಮಾತ್ರ. ಹಲವು ದೇಶಗಳಲ್ಲಿ ಇಂಥ ವಾಹನಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲ. ಕಾನೂನು ಬಿಟ್ಟರೂ, ಹೆದ್ದಾರಿಯ ವೇಗದಲ್ಲಿ ಒಂದು ರಬ್ಬರ್ ಹೋಸನ್ನು ಅಷ್ಟು ನಂಬುವವರ ಪಕ್ಕದಲ್ಲಿ ನಾನು ಕೂರುವುದಿಲ್ಲ. ಮಾಲೀಕರ ಷರತ್ತು ಈ ದಾರಿಯನ್ನು ಮುಚ್ಚಿತು.

ಉಳಿದದ್ದು ಎರಡು. ಪಿಸ್ಟನ್ ಒಳಗೇ ಇರುವ ಹೈಡ್ರಾಲಿಕ್ ಪವರ್ ಬಾಕ್ಸ್ ಮಾತ್ರ, ಇಲ್ಲವೇ ಅದರ ಜೊತೆ ಆಕ್ಸಲ್ ಮೇಲೊಂದು ಸಹಾಯಕ ಸಿಲಿಂಡರ್. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಪವರ್ ಸ್ಟೀರಿಂಗನ್ನು ಮಾರುಕಟ್ಟೆಯ ಕಾರಿಗೆ ತಂದದ್ದೂ ಹೈಡ್ರಾಲಿಕ್ ಬಲದಿಂದಲೇ.

ಬಲ ಹೋಗಿ ನಿಲ್ಲುವುದೆಲ್ಲಿ

100 ಬಾರ್ ಒತ್ತಡದಲ್ಲಿ ಪಿಸ್ಟನ್ನಿನ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋನ್ಯೂಟನ್ ಬಲ ಸಿಗುತ್ತದೆ. ನಮಗೆ ಸಿಕ್ಕ ಪವರ್ ಬಾಕ್ಸಿನ ಪಿಸ್ಟನ್ ವ್ಯಾಸ 70 ಮಿ.ಮೀ. ಅದರ ಬಲವನ್ನು ಒಳಗಿನ ಹಲ್ಲಿನ ತ್ರಿಜ್ಯಕ್ಕೂ ಪಿಟ್‌ಮನ್ ತೋಳಿಗೂ ಹೊಂದಿಸಿ ಲೆಕ್ಕ ಹಾಕಿದರೆ ಡ್ರ್ಯಾಗ್ ಲಿಂಕ್‌ನಲ್ಲಿ 6.7 ಕಿಲೋನ್ಯೂಟನ್. ಚಪ್ಪಟೆ ನೆಲದ 5.2ಕ್ಕೆ ಸಾಕು, ಬಂಡೆಯ 10ಕ್ಕೆ ಸಾಲದು.

ಹಾಗಾದರೆ ಇನ್ನೂ ದೊಡ್ಡ ಬಾಕ್ಸ್ ಹಾಕಬಾರದೇಕೆ? ಬಾಕ್ಸ್ ಇರುವುದು ಚಾಸಿಸ್ ಮೇಲೆ, ಚಕ್ರ ಇರುವುದು ಆಕ್ಸಲ್ ಮೇಲೆ. ಬಾಕ್ಸ್ ಚಕ್ರವನ್ನು ಎಷ್ಟು ತಳ್ಳುತ್ತದೋ ಅಷ್ಟೇ ಬಲದಿಂದ ಚಾಸಿಸ್ಸನ್ನು ಹಿಂದಕ್ಕೆ ತಳ್ಳುತ್ತದೆ. ಚಾಸಿಸ್ಸಿನ ತೆಳು ಉಕ್ಕು ಬಾಕ್ಸಿನ ಬೋಲ್ಟುಗಳ ಸುತ್ತ ಬಿರುಕು ಬಿಡುವುದು, ಪಿಟ್‌ಮನ್ ತೋಳು ಹಿಡಿದ ಸೆಕ್ಟರ್ ಶಾಫ್ಟ್ ತಿರುಚಿಕೊಳ್ಳುವುದು ಇದರಿಂದಲೇ. ಸ್ಪ್ರಿಂಗ್ ಎತ್ತರಿಸಿದ ಟ್ರಕ್ಕಿಗೆ ಡ್ರ್ಯಾಗ್ ಲಿಂಕ್ ಇಳಿಜಾರಾಗುತ್ತದೆಂದು ಕೆಳಕ್ಕೆ ಬಾಗಿದ ಪಿಟ್‌ಮನ್ ತೋಳು ಹಾಕುವವರು ಆ ಶಾಫ್ಟಿನ ಮೇಲಿನ ಬಾಗುಬಲವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ನಕಲ್ ಬದಿಯ ತೋಳನ್ನು ಮೇಲೆತ್ತುವುದೇ ಅದಕ್ಕೆ ಸರಿಯಾದ ಮದ್ದು. ಇಲ್ಲಿಯೂ ಹಾಗೆಯೇ ಮಾಡಿದೆವು.

ಸಹಾಯಕ ಸಿಲಿಂಡರಿನ ಒಂದು ತುದಿ ಆಕ್ಸಲಿಗೆ, ಇನ್ನೊಂದು ಟೈ ರಾಡಿಗೆ. ತಳ್ಳುವುದೂ ತಳ್ಳಿಸಿಕೊಳ್ಳುವುದೂ ಆಕ್ಸಲಿನಲ್ಲೇ ಮುಗಿಯುತ್ತದೆ. ಆ ಬಲ ಚಾಸಿಸ್ಸನ್ನು ಮುಟ್ಟುವುದೇ ಇಲ್ಲ. ಕಲ್ಲಿನ ಪೆಟ್ಟನ್ನೂ ಸಿಲಿಂಡರಿನ ಆಯಿಲ್ ಮೊದಲು ತಡೆದುಕೊಳ್ಳುತ್ತದೆ, ಬಾಕ್ಸಿಗೆ ತಲುಪುವುದು ಉಳಿದ ಪಾಲು ಮಾತ್ರ. ಸಿಲಿಂಡರನ್ನು ನಾನು ಒಪ್ಪುವುದು ಮುಖ್ಯವಾಗಿ ಈ ಕಾರಣಕ್ಕೆ. ಹೆಚ್ಚಿನ ಬಲ ಅದರ ಜೊತೆ ಬರುವ ಎರಡನೆಯ ಲಾಭ.

ಆದರೆ ಆಕ್ಸಲಿನಲ್ಲೇ ನಿಲ್ಲುವ ಬಲಕ್ಕೆ ಅಲ್ಲಿಯ ದುರ್ಬಲ ಭಾಗವೇ ಬಲಿ. ಈ ಟ್ರಕ್ಕಿನಲ್ಲಿ ಅದು ಟೈ ರಾಡ್: 25 ಮಿ.ಮೀ. ಹೊರವ್ಯಾಸ, 4 ಮಿ.ಮೀ. ದಪ್ಪದ ಕೊಳವೆ, ಉದ್ದ 1,150 ಮಿ.ಮೀ. ಲೆಕ್ಕದ ಪ್ರಕಾರ ನೇರವಾದ ಇಂಥ ರಾಡ್ 23 ಕಿಲೋನ್ಯೂಟನ್ ಒತ್ತಿದಾಗ ಬಾಗಿ ಕೂರುತ್ತದೆ. ಇದರದ್ದು ಆಗಲೇ ಒಮ್ಮೆ ಕಲ್ಲಿಗೆ ತಗಲಿ ಕೊಂಚ ಬಾಗಿದ್ದ ರಾಡ್, ಆದ್ದರಿಂದ ಅಷ್ಟನ್ನೂ ನಂಬುವಂತಿಲ್ಲ. ಮಾಲೀಕರು ಕೇಳಿದ 50 ಮಿ.ಮೀ. ಸಿಲಿಂಡರ್ ಒಂದೇ 19.6 ಕಿಲೋನ್ಯೂಟನ್ ತಳ್ಳುತ್ತದೆ, ಬಾಕ್ಸಿನದ್ದು ಬೇರೆ. 38 ಮಿ.ಮೀ. ಹೊರವ್ಯಾಸ, 6 ಮಿ.ಮೀ. ದಪ್ಪದ ಕೊಳವೆ ಹಾಕಿದರೆ ಬಾಗುವ ಮಿತಿ ಐದು ಪಟ್ಟು ಮೇಲೇರುತ್ತದೆ. ಯಾವ ಸಿಲಿಂಡರ್ ಎಂದು ಗೊತ್ತಾಗುವ ಮೊದಲೇ ಈ ಕೊಳವೆ ಸಿದ್ಧವಾಯಿತು. ಜೊತೆಗೆ ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ತುದಿಗಳು, ಸ್ಪ್ರಿಂಗ್ ಬುಷ್, ಎಲ್ಲದರ ಸಡಿಲ ನೋಡಿ ಬದಲಾಯಿಸಿದ್ದಾಯಿತು. ಪವರ್ ಸ್ಟೀರಿಂಗ್ ಸಡಿಲವನ್ನು ಗುಣಪಡಿಸುವುದಿಲ್ಲ, ಚಾಲಕನ ಕೈಗೆ ಅದು ತಿಳಿಯದಂತೆ ಮಾಡುತ್ತದೆ.

ಪಂಪ್ ಹೇಳಿದ ಗಾತ್ರ

ಮಾಲೀಕರ ಜೊತೆ ನಿಜವಾದ ಚರ್ಚೆ ನಡೆದದ್ದು ಇಲ್ಲಿ. ಒತ್ತಡ ಬಲ ಕೊಡುತ್ತದೆ, ವೇಗ ಕೊಡುವುದು ಹರಿವು. ಸಿಲಿಂಡರ್ ದೊಡ್ಡದಾದಷ್ಟೂ ಅದನ್ನು ತುಂಬಲು ಹೆಚ್ಚು ಆಯಿಲ್ ಬೇಕು. ಪಂಪ್ ಅಷ್ಟನ್ನು ಒದಗಿಸದಿದ್ದರೆ ಸ್ಟೀರಿಂಗ್ ನಡುವೆಯೇ ಕಲ್ಲಿನಂತೆ ಗಟ್ಟಿಯಾಗಿ, ಆಯಿಲ್ ತಲುಪಿದ ಮೇಲೆ ಮತ್ತೆ ಹಗುರಾಗುತ್ತದೆ. ಬಂಡೆಗಳ ನಡುವೆ ಎಂಜಿನ್ ಇರುವುದೇ ಐಡಲ್‌ನಲ್ಲಿ, ಪಂಪ್ ಅತಿ ಕಡಿಮೆ ಕೊಡುವುದೂ ಆಗಲೇ.

ಚಕ್ರ ಎರಡೂ ಬದಿಗೆ 32 ಡಿಗ್ರಿ ತಿರುಗುತ್ತದೆ, ಟೈ ರಾಡ್ ಒಟ್ಟು 170 ಮಿ.ಮೀ. ಸರಿಯುತ್ತದೆ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಲು ಬಾಕ್ಸ್ ಕುಡಿಯುವ ಆಯಿಲ್ ಸುಮಾರು 140 ಸಿಸಿ. 50 ಮಿ.ಮೀ. ಸಿಲಿಂಡರ್ ಇದಕ್ಕೆ 335 ಸಿಸಿ ಸೇರಿಸುತ್ತದೆ. ಮೂರು ಸೆಕೆಂಡಿನಲ್ಲಿ ತಿರುಗಿಸಬೇಕೆಂದರೆ ನಿಮಿಷಕ್ಕೆ ಒಂಬತ್ತೂವರೆ ಲೀಟರ್ ಹರಿವು ಬೇಕು. 44 ಮಿ.ಮೀ. ಆದರೆ 8 ಲೀಟರ್. 38 ಮಿ.ಮೀ. ಆದರೆ 6.7.

ಪಂಪ್ ಪ್ರತಿ ಸುತ್ತಿಗೆ 10 ಸಿಸಿ ಕೊಡುವಂಥದ್ದು, ಪುಲ್ಲಿಗಳು ಸಮ. 800 ಸುತ್ತಿನ ಐಡಲ್‌ನಲ್ಲಿ ಕಾಗದದ ಮೇಲೆ 8 ಲೀಟರ್. ಆಯಿಲ್ ಕಾದು ತೆಳುವಾದಾಗ ಪಂಪಿನ ಒಳಗೇ ಸೋರಿಕೆ ಹೆಚ್ಚಿ ಕೈಗೆ ಸಿಗುವುದು ಆರೂವರೆ. ಈ ಅಂಕಿಯ ಪಕ್ಕದಲ್ಲಿ 6.7 ಇಟ್ಟು ನೋಡಿದ ಮೇಲೆ ಮಾಲೀಕರೇ 50ರ ಮಾತು ಬಿಟ್ಟರು.

ಪಂಪಿನ ಪುಲ್ಲಿ ಚಿಕ್ಕದು ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು. ಹಾಗೆ ಮಾಡಿದರೆ ಹೆದ್ದಾರಿಯಲ್ಲಿ ಪಂಪ್ ಗಂಟೆಗಟ್ಟಲೆ ಅತಿವೇಗದಲ್ಲಿ ಸುತ್ತುತ್ತದೆ, ಹೆಚ್ಚುವರಿ ಆಯಿಲನ್ನು ಹರಿವು ನಿಯಂತ್ರಿಸುವ ವಾಲ್ವ್ ಹಿಂದಕ್ಕೆ ಕಳಿಸುತ್ತಲೇ ಇರಬೇಕಾಗುತ್ತದೆ, ಎಲ್ಲವೂ ಬಿಸಿಯಾಗುತ್ತದೆ. ಆ ವಾಲ್ವಿನ ರಂಧ್ರ ಕೊರೆದು ದೊಡ್ಡದು ಮಾಡಿದರೆ ವೇಗದಲ್ಲಿ ಸ್ಟೀರಿಂಗ್ ಉಸಿರು ತಾಗಿದರೂ ಹೊರಳುವಷ್ಟು ಚುರುಕಾಗುತ್ತದೆ. ರಸ್ತೆಯಲ್ಲಿ ಓಡುವ ಟ್ರಕ್ಕಿಗೆ ಎರಡೂ ಬೇಡ.

38 ಮಿ.ಮೀ. ಸಿಲಿಂಡರಿನ ರಾಡ್ ವ್ಯಾಸ 19 ಮಿ.ಮೀ. ಹೊರಕ್ಕೆ ತಳ್ಳುವಾಗ 11.3 ಕಿಲೋನ್ಯೂಟನ್, ಒಳಕ್ಕೆ ಎಳೆಯುವಾಗ ರಾಡ್ ಜಾಗ ಕಳೆದು 8.5. ದುರ್ಬಲ ದಿಕ್ಕಿನಲ್ಲೂ ಬಾಕ್ಸಿನ 6.7 ಸೇರಿ 15.2. ಬೇಕಿದ್ದದ್ದು 10.

ಜೋಡಣೆ

ಬಾಕ್ಸಿನ ಬೋಲ್ಟುಗಳಿಗೆ ಚಾಸಿಸ್ ಅಡ್ಡಲಾಗಿ ಉಕ್ಕಿನ ಸ್ಲೀವ್ ಕೂರಿಸಿ, ಹೊರಗಿನಿಂದ 6 ಮಿ.ಮೀ. ತಗಡು ಬೆಸೆದೆವು. ಸಿಲಿಂಡರಿಗೆ ಆಯಿಲ್ ತೆಗೆಯುವ ರಂಧ್ರಗಳು ಮೊದಲೇ ಇರುವ ಬಾಕ್ಸನ್ನು ಹುಡುಕಿ ತಂದದ್ದರಿಂದ ಕೊರೆಯುವ ಗೋಜಿರಲಿಲ್ಲ. ಕೊರೆಯಲೇಬೇಕಾದವರು ಬಾಕ್ಸನ್ನು ಪೂರ್ತಿ ಬಿಚ್ಚಿ ತೊಳೆಯಬೇಕು, ಒಂದು ಚೂರು ಲೋಹದ ಪುಡಿ ವಾಲ್ವಿಗೆ ಸಿಕ್ಕರೆ ಸ್ಟೀರಿಂಗ್ ತಾನಾಗಿ ಒಂದು ಕಡೆ ಎಳೆಯುತ್ತದೆ. ಹೋಸ್ ತಿರುಪುಗಳಿಗೆ ನೀರಿನ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತುವ ಚಟವೂ ಇದೇ ಕಾರಣಕ್ಕೆ ಕೆಟ್ಟದ್ದು.

ಸಿಲಿಂಡರ್ ಟೈ ರಾಡಿಗೆ ಆದಷ್ಟು ಸಮಾನಾಂತರವಾಗಿರಬೇಕು. 200 ಮಿ.ಮೀ. ಚಲನೆಯ ಸಿಲಿಂಡರನ್ನು 170ರ ಕೆಲಸಕ್ಕೆ ನಡುವೆ ಕೂರಿಸಿದಾಗ ಎರಡೂ ತುದಿಯಲ್ಲಿ 15 ಮಿ.ಮೀ. ಉಳಿಯಿತು. ಚಕ್ರವನ್ನು ಕೊನೆಯಲ್ಲಿ ತಡೆಯಬೇಕಾದದ್ದು ನಕಲ್ ಮೇಲಿನ ತಡೆ ಬೋಲ್ಟ್, ಸಿಲಿಂಡರಿನ ತಳವಲ್ಲ. ಹೋಸುಗಳು ಅದಲುಬದಲಾದರೆ ಬಾಕ್ಸ್ ಒಂದು ಕಡೆ ತಳ್ಳುವಾಗ ಸಿಲಿಂಡರ್ ಇನ್ನೊಂದು ಕಡೆ ತಳ್ಳುತ್ತದೆ. ಆದ್ದರಿಂದ ಮೊದಲ ಬಾರಿ ಎಂಜಿನ್ ಚಾಲೂ ಮಾಡುವಾಗ ಮುಂದಿನ ಚಕ್ರಗಳು ಗಾಳಿಯಲ್ಲಿರಬೇಕು, ಯಾರ ಕೈಯೂ ಲಿಂಕುಗಳ ಹತ್ತಿರ ಇರಬಾರದು. ಅದಕ್ಕೂ ಮೊದಲು, ಎಂಜಿನ್ ಆರಿಸಿಯೇ, ವೀಲನ್ನು ನಿಧಾನವಾಗಿ ಕೊನೆಯಿಂದ ಕೊನೆಗೆ ತಿರುಗಿಸುತ್ತ ಗಾಳಿಯ ಗುಳ್ಳೆ ನಿಲ್ಲುವವರೆಗೆ ಆಯಿಲ್ ತುಂಬುತ್ತಿರಬೇಕು. ಅವಸರಕ್ಕೆ ಎಂಜಿನ್ ಚಾಲೂ ಮಾಡಿದರೆ ಆಯಿಲ್ ನೊರೆಯಾಗುತ್ತದೆ, ನೊರೆ ಇಳಿಯಲು ಮತ್ತೆ ಕಾಯಬೇಕು.

ವೀಲನ್ನು ಕೊನೆಯಲ್ಲಿ ಒತ್ತಿ ಹಿಡಿದರೆ ಪಂಪಿನ ಒಂದು ಕಿಲೋವ್ಯಾಟ್ ಪೂರ್ತಿ ಶಾಖವಾಗುತ್ತದೆ. ಒಂದೂವರೆ ಲೀಟರ್ ಆಯಿಲ್ ಅರ್ಧ ನಿಮಿಷದಲ್ಲಿ ಹತ್ತು ಡಿಗ್ರಿಗೂ ಹೆಚ್ಚು ಕಾಯುತ್ತದೆ. ಹಾಗಾಗಿ ಮರಳುವ ಪೈಪಿನಲ್ಲಿ ಒಂದು ಸಣ್ಣ ಕೂಲರ್, ಅದರ ಹಿಂದೆ ಫಿಲ್ಟರ್, ಪಂಪಿಗಿಂತ ಎತ್ತರದಲ್ಲಿ ದೊಡ್ಡ ಆಯಿಲ್ ಡಬ್ಬ. ಸಿಲಿಂಡರಿನ ರಾಡ್ ಒಳಗೆ ಹೊರಗೆ ಹೋದಂತೆ ಡಬ್ಬದ ಮಟ್ಟ ಸುಮಾರು 50 ಸಿಸಿ ಏರಿಳಿಯುತ್ತದೆ, ಅದಕ್ಕೂ ಜಾಗ ಬಿಡಬೇಕು.

ಓಡಿಸಿ ನೋಡಿದಾಗ

1 ಬಾರ್ ಗಾಳಿಯಲ್ಲಿ, ನಿಂತ ಟ್ರಕ್ಕಿನಲ್ಲಿ, ತ್ರಾಸಿನ ಮುಳ್ಳು 3 ಕಿಲೋ ದಾಟಲಿಲ್ಲ. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಹುಡುಕಿದರೆ ಮಾತ್ರ ತಿಳಿಯುವಷ್ಟು. ಐಡಲ್‌ನಲ್ಲಿ ತೀರಾ ಬೇಗ ತಿರುಗಿಸಿದರೆ ಕೊನೆಯ ಭಾಗದಲ್ಲಿ ಕೊಂಚ ಬಿಗಿಯಾಗುತ್ತದೆ. ಲೆಕ್ಕ ಹೇಳಿದ್ದೂ ಅದನ್ನೇ. ಐಡಲನ್ನು 850ಕ್ಕೆ ಏರಿಸಿದಾಗ ಅದೂ ಹೋಯಿತು. ಎಂಜಿನ್ ಆರಿಸಿ ಸಮತಟ್ಟಿನಲ್ಲಿ ಉರುಳಿಸಿ ನೋಡಿದೆವು. ಹೊಸ ಬಾಕ್ಸಿನ ಅನುಪಾತ ಕಡಿಮೆ, ಜೊತೆಗೆ ಸಿಲಿಂಡರಿನ ಆಯಿಲನ್ನೂ ತಳ್ಳಬೇಕು, ಆದ್ದರಿಂದ ಹಳೆಯ ಸ್ಟೀರಿಂಗಿಗಿಂತಲೂ ಭಾರ. ಆದರೆ ಲೋಹದ ಕೊಂಡಿ ಇದೆ, ಟ್ರಕ್ಕನ್ನು ರಸ್ತೆಯ ಅಂಚಿಗೆ ತರಬಹುದು.

ಎರಡು ತೊಂದರೆ ಕಾಣಿಸಿದವು. ಕಡಿದಾದ ಏರಿನಲ್ಲಿ ಪಂಪ್ ಕಿರುಚತೊಡಗಿತು. ಡಬ್ಬ ಓರೆಯಾದಾಗ ಕೆಳಗಿನ ರಂಧ್ರ ಆಯಿಲಿನಿಂದ ಹೊರಬಂದು ಪಂಪ್ ಗಾಳಿ ಎಳೆಯುತ್ತಿತ್ತು. ರಂಧ್ರ ಹಿಂಬದಿಗೆ ಬರುವಂತೆ ಡಬ್ಬವನ್ನು ತಿರುಗಿಸಿ ಕೂರಿಸಿ, ಒಳಗೊಂದು ಅಡ್ಡ ತಗಡು ಹಾಕಿದ ಮೇಲೆ ಸದ್ದು ನಿಂತಿತು.

ಎರಡನೆಯದು ಹೆದ್ದಾರಿಯಲ್ಲಿ ಟ್ರಕ್ ಅಲೆಯುವುದು. ಕೈಬಲದ ಸ್ಟೀರಿಂಗ್ ಹಗುರಾಗಿರಲೆಂದು ಹಳೆಯ ವಾಹನಗಳಲ್ಲಿ ಕ್ಯಾಸ್ಟರ್ ಕೋನವನ್ನು, ಅಂದರೆ ನಕಲ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನವನ್ನು, ಕಡಿಮೆ ಇಡುವುದುಂಟು. ಇಲ್ಲಿ ಅಳೆದಾಗ 2 ಡಿಗ್ರಿ ಇತ್ತು. ಪವರ್ ಇರುವಾಗ ಈ ಕಂಜೂಸಿ ಅನಗತ್ಯ, 5 ಡಿಗ್ರಿ ಇದ್ದರೆ ವೀಲ್ ತಾನಾಗಿ ನೇರಕ್ಕೆ ಮರಳುತ್ತದೆ. ಆದರೆ ಸ್ಪ್ರಿಂಗ್ ಕೆಳಗೆ ಬೆಣೆ ಇಟ್ಟು ಆಕ್ಸಲನ್ನು ಹೊರಳಿಸಿದಷ್ಟೂ ಡಿಫರೆನ್ಷಿಯಲ್ಲಿನ ಮೂತಿ ಕೆಳಗಾಗಿ ಪ್ರೊಪೆಲ್ಲರ್ ಶಾಫ್ಟಿನ ಕೀಲಿಗೆ ಕೋನ ಹೆಚ್ಚುತ್ತದೆ. ಎತ್ತರಿಸಿದ ಟ್ರಕ್ಕಿನಲ್ಲಿ ಅಲ್ಲಿ ಉಳಿದಿದ್ದ ಅವಕಾಶ ಸ್ವಲ್ಪವೇ. ಎರಡೂವರೆ ಡಿಗ್ರಿಯ ಬೆಣೆ ಇಟ್ಟು ನಾಲ್ಕೂವರೆಗೆ ನಿಲ್ಲಿಸಿದೆವು. ಅಲೆಯುವುದು ಬಹುಮಟ್ಟಿಗೆ ನಿಂತಿದೆ.

ಈಗ ಪ್ರತಿ ಕಲ್ಲುದಾರಿಯ ನಂತರ ಮಾಲೀಕರು ನೋಡಬೇಕಾದದ್ದು ಸಿಲಿಂಡರ್ ತುದಿಗಳ ಕೀಲು, ಟೈ ರಾಡ್ ಮೇಲಿನ ಹಿಡಿಕೆಯ ಬೋಲ್ಟುಗಳು, ಮತ್ತು ರಾಡ್ ಮೇಲೆ ಕಲ್ಲು ಗೀರಿದ ಗುರುತು. ಗೀರಿದ ರಾಡ್ ಸೀಲನ್ನು ಬೇಗ ತಿನ್ನುತ್ತದೆ. ರಾಡಿಗೆ ಮುಂದಿನಿಂದ ಒಂದು ತಗಡಿನ ಮರೆ ಕಟ್ಟುವ ಕೆಲಸ ಇನ್ನೂ ಬಾಕಿ ಇದೆ.